ಮಕ್ಕಳಿಗೆ ಮಹಾನ್ ಚಿತ್ರಕಲಾವಿದರನ್ನು ಪರಿಚಯಿಸುವ ಪುಸ್ತಕಗಳು: ಜೀವನಕಥೆ ಮೊದಲೋ, ಚಿತ್ರ ಮೊದಲೋ?

ಪ್ರಶ್ನೆ (ಓದುವ ಮನೆ):

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಇಬ್ಬರಿಗೂ ಜಗತ್ತಿನ ದೊಡ್ಡ ಚಿತ್ರಕಲಾವಿದರ ಪರಿಚಯವಾಗಲಿ ಎಂದು ಕೆಲವು ಪುಸ್ತಕಗಳನ್ನು ತಂದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಕಲಾವಿದನ ಬಾಲ್ಯ, ಅವನು ಪಟ್ಟ ಕಷ್ಟ, ಕೊನೆಗೆ ದೊರೆತ ಕೀರ್ತಿ ಎಂಬ ಒಂದೇ ಜಾಡಿನಲ್ಲಿ ಸಾಗುತ್ತವೆ. ಮಗಳು ಆಸಕ್ತಿಯಿಂದಲೇ ಓದುತ್ತಾಳೆ. ಆದರೆ ಪುಸ್ತಕ ಮುಚ್ಚಿದ ಮೇಲೆ ವ್ಯಾನ್ ಗೋ ಕಿವಿ ಕೊಯ್ದುಕೊಂಡ ಸಂಗತಿ ಅವಳಿಗೆ ನೆನಪಿರುತ್ತದೆಯೇ ಹೊರತು ಅವನ ಒಂದು ಚಿತ್ರವೂ ಕಣ್ಣ ಮುಂದೆ ಬರುವುದಿಲ್ಲ. ಮಗನಂತೂ ಪುಟಗಳನ್ನು ಸರಸರನೆ ಮಗುಚಿಹಾಕಿ ಎದ್ದು ಹೋಗುತ್ತಾನೆ. ನಾನು ಚಿತ್ರಕಲೆಯನ್ನು ಅಭ್ಯಾಸ ಮಾಡಿದವಳಲ್ಲ. ಎಂತಹ ಪುಸ್ತಕಗಳನ್ನು ಆರಿಸಬೇಕು, ಯಾವ ಚಿತ್ರಗಳಿಂದ ಆರಂಭಿಸಬೇಕು, ಕಲಾವಿದರ ಬದುಕಿನ ನೋವಿನ ಸಂಗತಿಗಳನ್ನು ಮಕ್ಕಳಿಗೆ ಎಷ್ಟರಮಟ್ಟಿಗೆ ಹೇಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಕುಂಚ ಮತ್ತು ಪುಟ):

ಆರು ವರ್ಷದ ಮಗುವಿಗೆ ಕಲಾವಿದನ ಹೆಸರೂ ಬೇಡ, ಇಸವಿಯೂ ಬೇಡ. ಹುಡುಕಿ ನೋಡಲು ಏನಾದರೂ ಸಿಗುವ ಚಿತ್ರ ಬೇಕು. ಪೀಟರ್ ಬ್ರೂಗೆಲ್ 1560ರಲ್ಲಿ ರಚಿಸಿದ ‘ಮಕ್ಕಳ ಆಟಗಳು’ ಚಿತ್ರವನ್ನು ಇಡೀ ಎರಡು ಪುಟಗಳಲ್ಲಿ ಮುದ್ರಿಸಿರುವ ಪುಸ್ತಕ ಸಿಕ್ಕರೆ ಅದರಿಂದಲೇ ಆರಂಭಿಸಿ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಸುಮಾರು ಎಂಬತ್ತು ಬಗೆಯ ಆಟಗಳಲ್ಲಿ ಮುಳುಗಿದ್ದಾರೆ. ಬಳೆಯಂತಹ ಚಕ್ರ ಉರುಳಿಸುವವರು, ಮರಗಾಲು ಕಟ್ಟಿಕೊಂಡು ನಡೆಯುವವರು, ಸಾಲಾಗಿ ಬಗ್ಗಿ ನಿಂತವರ ಬೆನ್ನ ಮೇಲಿಂದ ಹಾರುವವರು, ಸೋಪಿನ ಗುಳ್ಳೆ ಊದುವವರು, ಕಣ್ಣುಮುಚ್ಚಾಲೆ ಆಡುವವರು ಎಲ್ಲರೂ ಅಲ್ಲಿ ಸಿಗುತ್ತಾರೆ. ತಾನು ಆಡಿದ ಆಟವೊಂದು ನಾಲ್ಕೂವರೆ ಶತಮಾನಗಳಷ್ಟು ಹಳೆಯ ಚಿತ್ರದಲ್ಲಿ ಸಿಕ್ಕಾಗ ಮಗು ಆ ಪುಟವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಮಗಳಿಗೆ ವೆಲಾಸ್ಕೆಸ್‌ನ ‘ಲಾಸ್ ಮೆನಿನಾಸ್’ (1656) ತೋರಿಸಿ. ನಡುವೆ ಐದು ವರ್ಷದ ರಾಜಕುಮಾರಿ ಮಾರ್ಗರೀಟಾ ನಿಂತಿದ್ದಾಳೆ. ಮುಂದೆ ಮಲಗಿರುವ ದೊಡ್ಡ ನಾಯಿಯ ಮೇಲೆ ಒಬ್ಬ ಕಾಲಿಟ್ಟಿದ್ದಾನೆ. ಎಡಕ್ಕೆ ಕುಂಚ ಹಿಡಿದ ವೆಲಾಸ್ಕೆಸ್‌ನೇ ಇದ್ದಾನೆ. ಅವನ ಮುಂದಿನ ಕ್ಯಾನ್ವಾಸಿನ ಬೆನ್ನು ಮಾತ್ರ ನಮಗೆ ಕಾಣುತ್ತದೆ. ಹಾಗಾದರೆ ಅವನು ಯಾರ ಚಿತ್ರ ಬರೆಯುತ್ತಿದ್ದಾನೆ ಎಂದು ಕೇಳಿ, ಉತ್ತರವನ್ನು ನೀವು ಹೇಳಬೇಡಿ. ಹಿಂದಿನ ಗೋಡೆಯ ಕನ್ನಡಿಯಲ್ಲಿ ರಾಜ, ರಾಣಿಯರ ಮುಖಗಳು ಮಸುಕಾಗಿ ಕಾಣುವುದನ್ನು ಅವಳೇ ಕಂಡುಹಿಡಿಯಲಿ. ವಿದ್ವಾಂಸರೂ ಈ ಪ್ರಶ್ನೆಯನ್ನು ಇನ್ನೂ ಚರ್ಚಿಸುತ್ತಿದ್ದಾರೆ, ಆದ್ದರಿಂದ ನೀವು ಕಲೆ ಕಲಿತವರಲ್ಲ ಎಂಬುದು ಇಲ್ಲಿ ಕೊರತೆಯೇ ಅಲ್ಲ. ನನ್ನ ಅಭಿಪ್ರಾಯದಲ್ಲಿ ಜೀವನಕಥೆಯ ಪುಸ್ತಕಗಳನ್ನು ಕೆಲವು ಕಾಲ ಪಕ್ಕಕ್ಕಿಡುವುದೇ ಒಳ್ಳೆಯದು.

ಉತ್ತರ (ಅಚ್ಚುಮನೆ):

ಪುಸ್ತಕ ಕೊಳ್ಳುವ ಮುನ್ನ ಮುದ್ರಣವನ್ನು ಗಮನಿಸಿ. ಚಿತ್ರದ ಮುಖ್ಯ ಭಾಗ ಎರಡು ಪುಟಗಳ ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದರೆ, ಅಥವಾ ಪುಟಕ್ಕೆ ಹೊಂದಿಸಲು ಚಿತ್ರದ ಅಂಚನ್ನು ಕತ್ತರಿಸಿದ್ದರೆ, ಬರಹ ಎಷ್ಟೇ ಚೆನ್ನಾಗಿದ್ದರೂ ಆ ಪುಸ್ತಕ ಬೇಡ.

ಅಳತೆಯನ್ನೂ ಮರೆಯಬಾರದು. ಪುಸ್ತಕದಲ್ಲಿ ‘ಮೋನಾ ಲಿಸಾ’ ಮತ್ತು ಪಿಕಾಸೊನ ‘ಗೆರ್ನಿಕಾ’ ಒಂದೊಂದು ಪುಟ ತುಂಬಿಕೊಂಡು ಸಮನಾಗಿ ಕಾಣುತ್ತವೆ. ಮೊದಲನೆಯದು ಸುಮಾರು 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲದ ಹಲಗೆ, 1937ರ ‘ಗೆರ್ನಿಕಾ’ ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲವಿದೆ. ಅಳತೆಪಟ್ಟಿ ಹಿಡಿದು ಎರಡನ್ನೂ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಲು ಮಕ್ಕಳಿಗೆ ಹೇಳಿ. ಜಾಗ ಸಾಲದೆ ಹೋದರೆ ಅದೇ ಒಂದು ಪಾಠ. ಇದಕ್ಕೆ ವಿರುದ್ಧವಾಗಿ ಹೊಕುಸಾಯಿಯ ‘ಮಹಾ ಅಲೆ’ ಮರದಚ್ಚಿನಿಂದ ಮುದ್ರಿಸಿದ ಚಿತ್ರ, ಸುಮಾರು 25 ಸೆಂ.ಮೀ. ಎತ್ತರ, 37 ಸೆಂ.ಮೀ. ಅಗಲ ಮಾತ್ರ, ದೊಡ್ಡ ಪುಸ್ತಕದಲ್ಲಿ ಅದನ್ನು ಮೂಲ ಗಾತ್ರದಲ್ಲೇ ನೋಡಬಹುದು.

ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ವ್ಯಾನ್ ಗೋನ ‘ಮಲಗುವ ಕೋಣೆ’ಯ ಗೋಡೆಗಳು ಎಲ್ಲ ಪುಸ್ತಕಗಳಲ್ಲೂ ನೀಲಿ. ಆದರೆ ಅವನು ಬಳಿದದ್ದು ತಿಳಿ ನೇರಳೆ. ಬೆರೆಸಿದ್ದ ಕೆಂಪು ವರ್ಣದ್ರವ್ಯ ಕಾಲಕ್ರಮೇಣ ಮಾಸಿ ನೀಲಿ ಮಾತ್ರ ಉಳಿದಿದೆ. ಪುಸ್ತಕದ ಬಣ್ಣವಷ್ಟೇ ಅಲ್ಲ, ಮೂಲಚಿತ್ರದ ಬಣ್ಣವೂ ಬದಲಾಗುತ್ತದೆ ಎಂಬುದನ್ನು ಹತ್ತು ವರ್ಷದ ಮಗು ಖಂಡಿತ ಅರ್ಥ ಮಾಡಿಕೊಳ್ಳುತ್ತದೆ.

ಉತ್ತರ (ಹಿತ್ತಲ ಕಿಟಕಿ):

ಜೀವನಕಥೆಗಳನ್ನು ಪಕ್ಕಕ್ಕಿಡಬೇಕೆಂಬ ಮೊದಲ ಉತ್ತರವನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಬದುಕಿನ ಸಂಗತಿ ಚಿತ್ರವನ್ನು ನೋಡುವ ಬಗೆಯನ್ನೇ ಬದಲಿಸುವುದಾದರೆ ಅದನ್ನು ಹೇಳಲೇಬೇಕು. 1941ರ ದೊಡ್ಡ ಶಸ್ತ್ರಚಿಕಿತ್ಸೆಯ ಬಳಿಕ ಮತೀಸ್ ಹೆಚ್ಚು ಹೊತ್ತು ನಿಂತು ಕೆಲಸ ಮಾಡಲಾರದವನಾದ. ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಜೋಡಿಸುವ ಅವನ ಚಿತ್ರಗಳು ಬೆಳೆದದ್ದು ಆ ವರ್ಷಗಳಲ್ಲಿಯೇ. ಇದು ತಿಳಿದ ಮಗು ಆ ಚಿತ್ರಗಳನ್ನು ‘ಇಷ್ಟೇನಾ’ ಎಂದು ತಳ್ಳಿಹಾಕುವುದಿಲ್ಲ, ಕತ್ತರಿ ಕೈಗೆತ್ತಿಕೊಳ್ಳುತ್ತದೆ. ಫ್ರಿಡಾ ಕಾಹ್ಲೋ 1925ರ ಬಸ್ ಅಪಘಾತದ ನಂತರ ಹಾಸಿಗೆಯಲ್ಲಿ ಮಲಗಿ, ಮೇಲೆ ಅಳವಡಿಸಿದ್ದ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಚಿತ್ರ ಬರೆದಳು. ಅವಳು ತನ್ನ ಮುಖವನ್ನೇ ಮತ್ತೆ ಮತ್ತೆ ಏಕೆ ಬರೆದಳು ಎಂಬ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ತೊಡಗುತ್ತದೆ.

ವ್ಯಾನ್ ಗೋ ವಿಷಯದಲ್ಲಿ ಮುಚ್ಚಿಡುವುದೂ ಬೇಡ, ಕಿವಿಯ ಪ್ರಸಂಗವನ್ನು ರೋಚಕವಾಗಿಸುವುದೂ ಬೇಡ. ಅವನಿಗೆ ಕಾಯಿಲೆಯಿತ್ತು, 1889ರಲ್ಲಿ ತಾನಾಗಿಯೇ ಆಸ್ಪತ್ರೆ ಸೇರಿದ, ಅಲ್ಲಿನ ಕಿಟಕಿಯಿಂದ ಕಂಡ ಆಕಾಶವನ್ನು ನೆನೆದು ‘ನಕ್ಷತ್ರಮಯ ರಾತ್ರಿ’ ಬರೆದ, ಕೆಳಗಿನ ಹಳ್ಳಿ ಆ ಕಿಟಕಿಯಿಂದ ಕಾಣುತ್ತಿರಲಿಲ್ಲ, ಅದನ್ನು ಅವನೇ ಸೇರಿಸಿದ ಎಂದು ನೇರವಾಗಿ ಹೇಳಿದರೆ ಮಗಳ ಗಮನ ಮರಳಿ ಚಿತ್ರಕ್ಕೇ ಬರುತ್ತದೆ.

ಇನ್ನೊಂದು ಮಾತು: ಇಂತಹ ಪುಸ್ತಕಮಾಲೆಗಳಲ್ಲಿ ಗಂಡಸರೇ ತುಂಬಿರುತ್ತಾರೆ. ಮೇರಿ ಕಸಾಟ್ ಬರೆದ ತಾಯಿ ಮಕ್ಕಳ ಚಿತ್ರಗಳಿರುವ ಪುಸ್ತಕವನ್ನೂ ಹುಡುಕಿ ಸೇರಿಸಿ.

ಮರುಪ್ರಶ್ನೆ (ಓದುವ ಮನೆ):

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಪಿಕಾಸೊನ ಮುಖಗಳನ್ನು ನೋಡಿ ಮಗ ‘ಇವರಿಗೆ ಚಿತ್ರ ಬರೆಯಲು ಬರುವುದಿಲ್ಲವೇ’ ಎಂದು ಕೇಳುತ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ (ಕುಂಚ ಮತ್ತು ಪುಟ):

ಹೇಳುವುದಕ್ಕಿಂತ ಎರಡು ಪುಸ್ತಕಗಳನ್ನು ಅಕ್ಕಪಕ್ಕ ತೆರೆದಿಡಿ. ಪಿಕಾಸೊ 1957ರಲ್ಲಿ ಅದೇ ‘ಲಾಸ್ ಮೆನಿನಾಸ್’ ಚಿತ್ರವನ್ನು ಮುಂದಿಟ್ಟುಕೊಂಡು 58 ಚಿತ್ರಗಳ ಸರಣಿಯನ್ನೇ ಬರೆದ. ಅವು ಈಗ ಬಾರ್ಸಿಲೋನಾದಲ್ಲಿರುವ ಅವನ ಸಂಗ್ರಹಾಲಯದಲ್ಲಿವೆ. ರಾಜಕುಮಾರಿ ಎಲ್ಲಿ, ಕನ್ನಡಿ ಎಲ್ಲಿ, ಬಾಗಿಲಲ್ಲಿ ನಿಂತವನು ಎಲ್ಲಿ ಎಂದು ನಿಮ್ಮ ಮಗನೇ ಒಂದೊಂದಾಗಿ ಗುರುತಿಸಲಿ. ನಾಯಿಯನ್ನು ಮಾತ್ರ ಕೊನೆಗೆ ಕೇಳಿ: ವೆಲಾಸ್ಕೆಸ್‌ನ ದೊಡ್ಡ ನಾಯಿಯ ಜಾಗದಲ್ಲಿ ಪಿಕಾಸೊ ತನ್ನ ಮನೆಯಲ್ಲಿದ್ದ ಲಂಪ್ ಎಂಬ ಗಿಡ್ಡ ಕಾಲಿನ ಡಾಕ್ಸ್‌ಹುಂಡ್ ನಾಯಿಯನ್ನು ತಂದಿಟ್ಟಿದ್ದಾನೆ.