ದೂರು ತಿದ್ದಿ ಹಾಕಿದರೆ ಬಾಕಿ ಇರುವ ಮೋಷನ್‌ಗಳ ಕತೆ ಏನು?

ಪ್ರಶ್ನೆ: ನಮಸ್ತೆ ಸರ್. ನಮ್ಮ ಚಿಕ್ಕಪ್ಪನ ಮಗ ಕ್ಯಾಲಿಫೋರ್ನಿಯಾದ ಒಂದು ಜೈಲಿನಲ್ಲಿದ್ದಾನೆ. ಸರಿಯಾಗಿ ಇನ್ಸುಲಿನ್ ಕೊಡುತ್ತಿಲ್ಲ ಎಂದು ವಕೀಲರಿಲ್ಲದೆ ತಾನೇ ಫ್ರೆಸ್ನೋದ ಫೆಡರಲ್ ಕೋರ್ಟಿನಲ್ಲಿ ಕೇಸ್ ಹಾಕಿದ್ದಾನೆ. ಕೇಸ್ ವಜಾ ಮಾಡಿ ಎಂದು ಜೈಲಿನ ಡಾಕ್ಟರ್ ಕಡೆಯವರು ಹೋದ ವಾರ ಮೋಷನ್ (ಕೋರ್ಟಿಗೆ ಕೊಡುವ ಕೋರಿಕೆ ಅರ್ಜಿ) ಹಾಕಿದ್ದಾರೆ. ತಕ್ಷಣ ಇನ್ಸುಲಿನ್ ಕೊಡಿಸಿ ಅಂತ ಇವನು ಹಾಕಿದ ಅರ್ಜಿಯೂ ಬಾಕಿ ಇದೆ. ಈಗ ಒಬ್ಬ ನರ್ಸ್ ಹೆಸರು ಸೇರಿಸಬೇಕಂತೆ. ಏನಾಗುತ್ತದೆ?

ವಕೀಲರ ಉತ್ತರ: ಹಿಂದೆ ದೂರು (ಕೇಸ್ ಹಾಕುವಾಗ ಕೋರ್ಟಿಗೆ ಕೊಟ್ಟ ಪತ್ರ) ತಿದ್ದಿದ್ದಾನಾ? ಇಲ್ಲ ಅಂದರೆ, ವಜಾ ಮೋಷನ್ ಅವನಿಗೆ ಕಳಿಸಿದ ದಿನದಿಂದ 21 ದಿನದೊಳಗೆ ಒಂದು ಸಲ ಕೋರ್ಟಿನ ಅನುಮತಿ ಇಲ್ಲದೆ ತಿದ್ದಬಹುದು. ಫೆಡರಲ್ ಕೋರ್ಟುಗಳ ಸಿವಿಲ್ ನಿಯಮ 15ರಲ್ಲೇ ಇದೆ. ಹೊಸ ದೂರು ದಾಖಲಾದರೆ ಹಳೆಯದು ರದ್ದಾದ ಹಾಗೆ. ಇಲ್ಲದ ದೂರನ್ನು ವಜಾ ಮಾಡಿ ಎಂದು ಕೇಳುವುದರಲ್ಲಿ ಅರ್ಥ ಇಲ್ಲವಲ್ಲ, ಹಾಗಾಗಿ ಆ ಮೋಷನ್ ಸಾಮಾನ್ಯವಾಗಿ ತಾನಾಗಿ ಬಿದ್ದುಹೋಗುತ್ತದೆ. ಆದರೆ ಡಾಕ್ಟರ್ ಕಡೆಯವರು ಹೊಸದಾಗಿ ಹಾಕಬಹುದು, ಹಾಕೇ ಹಾಕುತ್ತಾರೆ!

21 ದಿನ ದಾಟಿದ್ದರೆ ಅನುಮತಿ ಬೇಕು, ಇಲ್ಲವೇ ಎದುರಾಳಿಯ ಒಪ್ಪಿಗೆ. ಅನುಮತಿ ಕೇಳಿ ಸುಮ್ನೆ ಕೂತುಬಿಡಬಾರದು. ಅದು ಸಿಗುವ ತನಕ ವಜಾ ಮೋಷನ್ ಜೀವಂತ, ಅದಕ್ಕೆ ಉತ್ತರ ಕೊಡಲೇಬೇಕು.

ಪ್ರಶ್ನೆ: ನರ್ಸ್ ವಿಷಯ ಎರಡು ಪುಟ ಬರೆದು ಕಳಿಸಿದರೆ ಸಾಲದಾ ಸರ್? ಉಳಿದಿದ್ದು ಹಳೇ ದೂರಿನಲ್ಲಿದೆ ಅಲ್ವಾ?

ಉತ್ತರ: ಸಾಲದು. ಜಾಸ್ತಿ ಜನ ಎಡವುವುದೇ ಇಲ್ಲಿ. ಆ ಕೋರ್ಟಿನ ಸ್ಥಳೀಯ ನಿಯಮ 220ರ ಪ್ರಕಾರ ತಿದ್ದಿದ ದೂರು ತಾನೇ ಪೂರ್ತಿ ಇರಬೇಕು. 'ಉಳಿದದ್ದಕ್ಕೆ ಹಳೇ ದೂರು ನೋಡಿ' ಅಂದರೆ ನಡೆಯುವುದಿಲ್ಲ. ನರ್ಸ್ ಹೆಸರು ಸೇರಿಸುವ ಭರದಲ್ಲಿ ಡಾಕ್ಟರ್ ಹೆಸರು ಬಿಟ್ಟರೆ ಡಾಕ್ಟರ್ ಕೇಸಿನಿಂದ ಆಚೆ! ತಾರೀಕು, ಕೇಸ್ ನಂಬರ್, ಏನು ಪರಿಹಾರ ಬೇಕು, ಎಲ್ಲ ಮತ್ತೆ ಬರೆಯಲಿ.

ನರ್ಸ್ ವಿಷಯದಲ್ಲಿ ಜೈಲಿನೊಳಗೆ ಗ್ರೀವೆನ್ಸ್ (ಜೈಲಿನ ಆಡಳಿತಕ್ಕೆ ಕೊಡುವ ದೂರು) ಹಾಕಿ ಕೊನೆಯ ಹಂತದವರೆಗೂ ಹೋಗಿದ್ದಾನಾ, ಅದನ್ನೂ ವಿಚಾರಿಸಿ. ಕೈದಿಗಳು ಹಾಕುವ ಕೇಸ್‌ಗಳ ಬಗೆಗಿನ 1996ರ ಫೆಡರಲ್ ಕಾನೂನು ಅದನ್ನು ಕಡ್ಡಾಯ ಮಾಡಿದೆ. ಅದೇ ಕಾನೂನಿನಂತೆ ಹೊಸ ದೂರನ್ನೂ ಜಡ್ಜ್ ಮೊದಲು ತಾವೇ ಪರಿಶೀಲಿಸುತ್ತಾರೆ. ತಿಂಗಳುಗಟ್ಟಲೆ ಹಿಡಿಯಬಹುದು.

ಪ್ರಶ್ನೆ: ಅಷ್ಟರೊಳಗೆ ಇನ್ಸುಲಿನ್ ಅರ್ಜಿ?

ಉತ್ತರ: ನನಗೂ ಅದರದ್ದೇ ಚಿಂತೆ. ಹಳೇ ದೂರಿನ ಮೇಲೆ ನಿಂತಿದೆ ಎಂದು ಕೋರ್ಟ್ ಅದನ್ನೂ ಬದಿಗಿಡಬಹುದು. ಹೊಸ ದೂರಿನ ಜೊತೆಗೇ ಅರ್ಜಿಯನ್ನೂ ಹೊಸದಾಗಿ ಬರೆದು ಕಳಿಸಲಿ. ಈಗಿನ ಶುಗರ್ ರೀಡಿಂಗ್, ತಪ್ಪಿದ ಡೋಸ್‌ಗಳ ತಾರೀಕು ಅದರಲ್ಲಿರಲಿ. ಕೋರ್ಟ್ ಫೀಯನ್ನು ಕಂತಿನಲ್ಲಿ ಕಟ್ಟಲು ಆದೇಶ ಆಗಿದ್ದರೆ ಅದಕ್ಕೇನೂ ತೊಂದರೆ ಇಲ್ಲ. ಲಕೋಟೆಯನ್ನು ಜೈಲಿನ ಸಿಬ್ಬಂದಿ ಕೈಗೆ ಕೊಟ್ಟ ದಿನವೇ ದಾಖಲಾದ ದಿನ ಎಂದು ಲೆಕ್ಕ. ಆ ತಾರೀಕನ್ನು ದೂರಿನ ಕೊನೆಯಲ್ಲಿ ಬರೆದು ಸಹಿ ಹಾಕಲು ಹೇಳಿ.