ಬ್ಲಾಕ್ ಮಾಡಿದ್ರೂ ಹೊಸ ನಂಬರಿಂದ ರಾತ್ರಿ ಕಾಲ್, ಏನ್ ಮಾಡಬೇಕ್ರಿ?

ಸಿಂಧನೂರು_ಮಂಜು:
ತಂಗಿ ಬಳ್ಳಾರಿ ಹಾಸ್ಟೆಲ್‌ನಾಗ ಅದಾಳ. ರಾತ್ರಿ ಯಾವನೋ ಫೋನ್ ಹಚ್ಚಿ ಹೊಲಸು ಮಾತಾಡಾಕತ್ಯಾನ. ಟ್ರೂಕಾಲರ್‌ನಾಗ ಒಂದು ಹೆಸರು ತೋರಸ್ತದ. 1930ಕ್ಕ ಹಚ್ಚಬೇಕೇನ್ರಿ? ಕಂಪ್ಲೇಂಟ್ ಸಿಂಧನೂರಾಗ ಕೊಡಬೇಕೋ, ಬಳ್ಳಾರ್ಯಾಗೋ?

ಕೊಪ್ಪಳ_ವಕೀಲ:
1930 ಇರೋದು ರೊಕ್ಕ ಕಳಕೊಂಡವರಿಗೆ, 1909 ಜಾಹೀರಾತು ಕಾಲ್‌ಗೆ. ನೀವು ಠಾಣೆಗೇ ಹೋಗ್ರಿ. ಯಾವ ಠಾಣೆಯಾದರೂ ಜೀರೋ ಎಫ್‌ಐಆರ್ (ಘಟನೆ ಬೇರೆ ಕಡೆ ನಡೆದಿದ್ರೂ ದೂರು ದಾಖಲಿಸಿ ಅಲ್ಲಿನ ಠಾಣೆಗೆ ಕಳಿಸೋದು) ಮಾಡಬೇಕು, ಆದರೆ ಫೋನ್ ತಂಗಿ ಕೈಯಾಗೇ ಇರೋದರಿಂದ ಬಳ್ಳಾರಿ ಸಲೀಸು. ಭಾರತೀಯ ನ್ಯಾಯ ಸಂಹಿತೆಯ ಕಲಂ 79 (ಮಹಿಳೆಯ ಮಾನಕ್ಕೆ ಕುಂದು ತರೋ ಮಾತು) ನೇರವಾಗಿ ಹತ್ತುತ್ತದೆ. ಕಲಂ 78, ಅಂದ್ರೆ ಬೆನ್ನು ಹತ್ತೋದು, ಹತ್ತಬೇಕಾದರೆ ಆಕೆ ಬೇಡ ಅಂದಮೇಲೂ ಅವನು ಬಿಡಲಿಲ್ಲ ಅನ್ನೋದು ಕಾಣಬೇಕು. ಹಂಗಾಗಿ ‘ಇನ್ನು ಮುಂದೆ ಫೋನ್ ಮಾಡಬೇಡಿ’ ಅಂತ ಒಂದೇ ಒಂದು ಎಸ್‌ಎಂಎಸ್ ಕಳಿಸಿ ಸುಮ್ಮನಾಗಲಿ. ತಿರುಗಿ ಬೈದರೆ ಕೇಸು ತೆಳುವಾಗ್ತದೆ. ಹಾಸ್ಟೆಲ್ ಹತ್ತಿರ ಬಂದೀನಿ ಅಂದ್ರೆ ಆಗಿಂದಾಗ 112.

ಟ್ರೂಕಾಲರ್ ಹೆಸರನ್ನ ಆರೋಪಿ ಅಂತ ದೂರಿನಾಗ ಬರೀಬ್ಯಾಡ್ರಿ. ಅದು ಯಾರ್ಯಾರೋ ತಮ್ಮ ಫೋನಿನಾಗ ಸೇವ್ ಮಾಡಿಕೊಂಡ ಹೆಸರು. ‘ಅಪರಿಚಿತ’ ಅಂತ ಬರೆದು ನಂಬರ್, ತಾರೀಖು, ಟೈಮ್ ಹಾಕ್ರಿ. ಸಿಮ್ ಯಾರದು ಅನ್ನೋದನ್ನ ಪೊಲೀಸರು ಕಂಪನಿಯಿಂದ ತರಿಸ್ತಾರೆ.

ರಾಯಚೂರು_ಮೊಬೈಲ್_ರಿಪೇರಿ:
ಒಂದು ಕಡೆ ಭಾಳ ಮಂದಿ ಎಡವತಾರೆ. ಆ ನಂಬರನ್ನ ‘ಹುಚ್ಚ 1’ ಅಂತ ಸೇವ್ ಮಾಡಿ ಸ್ಕ್ರೀನ್‌ಶಾಟ್ ತೆಗೀತಾರೆ, ಪ್ರಿಂಟಿನಾಗ ಹೆಸರು ಬರ್ತದೆ, ನಂಬರೇ ಇರಲ್ಲ. ಕಾಲ್ ಲಾಗ್‌ನಾಗ ಆ ಎಂಟ್ರಿ ಒತ್ತಿ ಡೀಟೇಲ್ಸ್ ತೆಗೀರಿ. ಪೂರ್ತಿ ನಂಬರ್, ತಾರೀಖು, ಎಷ್ಟು ಸೆಕೆಂಡ್ ಮಾತು, ಮೂರೂ ಒಂದೇ ಪರದೆ ಮ್ಯಾಲೆ ಬರಬೇಕು. ಲಾಗ್ ತುಂಬಿದಂಗೆಲ್ಲ ಹಳೇವು ತಾವೇ ಅಳಿಸಿ ಹೋಗ್ತಾವೆ, ಅದಕ್ಕೆ ಅವತ್ತಿಂದು ಅವತ್ತೇ. ಬ್ಲಾಕ್ ಆಮೇಲೆ ಮಾಡ್ರಿ, ಸದ್ಯಕ್ಕೆ ಆ ನಂಬರಿಗೆ ರಿಂಗ್‌ಟೋನ್ ‘ನನ್’ (None, ಅಂದ್ರೆ ಸದ್ದೇ ಇಲ್ಲ) ಇಟ್ಟರೆ ನಿದ್ದೆಗೆ ತೊಂದರೆ ಇಲ್ಲ, ಲಾಗೂ ಬೀಳ್ತದೆ. ವಾಟ್ಸಾಪ್ ಕಾಲ್ ಬಂದರೆ ಪ್ರೈವಸಿಯೊಳಗೆ ‘ಕಾಲ್ಸ್’ಗೆ ಹೋಗಿ ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’ ಆನ್ ಮಾಡ್ರಿ.

ಸಿಂಧನೂರು_ಮಂಜು:
ರೆಕಾರ್ಡಿಂಗ್ ನನಗ ವಾಟ್ಸಾಪ್ ಮಾಡ್ಯಾಳ. ಆಕಿ ಫೋನಿನಾಗಿಂದು ಡಿಲೀಟ್ ಮಾಡಿದ್ರ ನಡೀತದೇನ್ರಿ?

ಕೊಪ್ಪಳ_ವಕೀಲ:
ಬ್ಯಾಡೇ ಬ್ಯಾಡ! ಮೂಲ ಫೈಲು ಆ ಫೋನಿನಾಗೇ ಇರಲಿ, ಫಾರ್ಮ್ಯಾಟ್ ಮಾಡಬಾರದು, ಮಾರಬಾರದು. ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಾಗ ಫೈಲಿನ ಹ್ಯಾಶ್ ಸಂಖ್ಯೆ (ಆ ಫೈಲಿನಿಂದಲೇ ಲೆಕ್ಕ ಹಾಕಿ ತೆಗೆಯೋ ಗುರುತಿನ ಸಂಖ್ಯೆ) ಬರೀಬೇಕಾಗ್ತದೆ. ಭಾಗ ಎ ಫೋನ್ ಯಾರ ಕೈಯಾಗ ಇರ್ತದೋ ಅವರದು, ಭಾಗ ಬಿ ತಜ್ಞರದು. ಪೊಲೀಸರು ಫೋನ್ ತಗೊಂಡರೆ ಐಎಂಇಐ (ಆ ಫೋನಿನ ಗುರುತಿನ ಸಂಖ್ಯೆ) ಬರೆದ ರಸೀದಿ ಇಸ್ಕೋರಿ.

ಸಿಂಧನೂರು_ಮಂಜು:
ಠಾಣ್ಯಾಗ ತಗೊಳ್ಳಲಿಲ್ಲ ಅಂದ್ರ?

ಕೊಪ್ಪಳ_ವಕೀಲ:
ಬರೀ ಪಿಟಿಷನ್ ತಗೊಂಡು ಕಳಿಸಾಕ ನೋಡಿದರೆ, 78, 79 ಎರಡೂ ವಾರಂಟಿಲ್ಲದೆ ಹಿಡಿಯೋ ಅಪರಾಧ, ಎಫ್‌ಐಆರ್ ಬೇಕು ಅನ್ರಿ. ಎಫ್‌ಐಆರ್ ಪ್ರತಿ ನಿಮಗೆ ಪುಕ್ಕಟೆ. ಆಗಲೂ ಒಪ್ಪದಿದ್ರೆ ಅದೇ ದೂರನ್ನ ನಾಗರಿಕ ಸುರಕ್ಷಾ ಸಂಹಿತೆ ಕಲಂ 173(4)ರ ಪ್ರಕಾರ ಎಸ್‌ಪಿಗೆ ಅಂಚೇಲಿ ಕಳಿಸಿ ರಸೀದಿ ಇಟ್ಕೋರಿ. ಅಲ್ಲೂ ಆಗದಿದ್ರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ, ಆಗ ಈ ರಸೀದಿ ಬೇಕಾಗ್ತದೆ.