ಸೋಮಣ್ಣ ಮಾವನ ಕಾಲು, ಗಿರೀಶಣ್ಣನ ವಿಡಿಯೋ

ಗಿರೀಶಣ್ಣ: *ಹಲವು ಬಾರಿ ಫಾರ್ವರ್ಡ್ ಆಗಿದೆ*
ಸಕ್ಕರೆ ಕಾಯಿಲೆಯವರ ಕಾಲು ಇನ್ನು ಕತ್ತರಿಸಬೇಕಿಲ್ಲ!! ಒಂದೇ ಸ್ಟೆಮ್ ಸೆಲ್ ಇಂಜೆಕ್ಷನ್. ಗಾಯ ಮಾಯ. ಸತ್ತ ನರಕ್ಕೆ 7 ದಿನದಲ್ಲಿ ಜೀವ. ಎಲ್ಲರಿಗೂ ಕಳಿಸಿ.

ಗಿರೀಶಣ್ಣ: ಸೋಮಣ್ಣ ಮಾವನ ಕಾಲಿನ ಗಾಯಕ್ಕೆ ಇದನ್ನೇ ಮಾಡಿಸೋಣ. ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕಿದರೆ ಆಗುತ್ತದೆ.

ಶಶಿ: ಹೇಳಿದ್ದು ಯಾರು? ಯಾವ ಆಸ್ಪತ್ರೆ?

ಗಿರೀಶಣ್ಣ: ಮೊದಲು ವಿಡಿಯೋ ನೋಡು.

ಶಶಿ: ನೋಡಿದೆ. ಅದರಲ್ಲಿರುವುದು ಇಲಿ. ಇಲಿಯ ಗಾಯ ಹೆಚ್ಚಾಗಿ ಚರ್ಮ ಕುಗ್ಗಿಯೇ ಮುಚ್ಚುತ್ತದೆ. ನಮಗೆ ಹೊಸ ಚರ್ಮ ಬೆಳೆಯಬೇಕು.

ಗಿರೀಶಣ್ಣ: ನಿನಗೆ ಎಲ್ಲದರಲ್ಲೂ ತಪ್ಪೇ ಕಾಣುವುದು. ತೋಟ ಪಾಲಾಗುವಾಗಲೂ ಕಾಗದ ಕಾಗದ ಅಂತ ಎಲ್ಲರನ್ನೂ ಅಲೆಸಿದ್ದು ನೀನೇ.

ಶಶಿ: ಆ ಕಾಗದ ಇಲ್ಲದಿದ್ದರೆ ನಿನ್ನ ಮೆಣಸಿನ ಬಳ್ಳಿ ಇವತ್ತು ಪಕ್ಕದವರ ಬೇಲಿಯೊಳಗೆ ಇರುತ್ತಿತ್ತು.

ದೊಡ್ಡಮಾವ: ಮಕ್ಕಳೇ, ಜಗಳ ಬೇಡ. ನಾವು ಆಟಿ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪು ತಿಂದು, ಬರಿಗಾಲಲ್ಲಿ ಗದ್ದೆ ಉತ್ತು ಬೆಳೆದವರು. ಈಗ ಯಾರು ಮೈ ಬಗ್ಗಿಸುತ್ತಾರೆ?

ಪುಷ್ಪಕ್ಕ: ಅಯ್ಯೋ, ಮದ್ದು ಸೊಪ್ಪಿನ ಪಾಯಸ! ಅಜ್ಜಿ ಮಾಡಿದರೆ ಅಂಗಳದವರೆಗೆ ಘಮ. ಸೊಪ್ಪಿನ ಬಣ್ಣಕ್ಕೆ ಮರುದಿನ ಉಚ್ಚೆ ಕೆಂಪಾಯಿತು ಅಂತ ಗಿರೀಶ ಅತ್ತದ್ದು ನೆನಪಿದೆಯಾ?

ಗಿರೀಶಣ್ಣ: ಅತ್ತದ್ದು ಶಶಿ.

ವೀಣಾ: ಮೊನ್ನೆ ಮಾವನಿಗೆ ಡ್ರೆಸಿಂಗ್ ಮಾಡಿದ್ದು ನಾನು. ಗಮ್‌ಬೂಟಿನೊಳಗೆ ಜಲ್ಲಿ ಕಲ್ಲು ಸೇರಿತ್ತು. ದಿನವಿಡೀ ತೋಟ ಸುತ್ತಿದ್ದಾರೆ, ಗೊತ್ತೇ ಆಗಿಲ್ಲ. ಕಾಲುಚೀಲ ಒದ್ದೆಯಾಗಿದ್ದು ಮಳೆ ನೀರಿಗೆ ಅಂದುಕೊಂಡರಂತೆ. ಅದು ರಕ್ತ. ಹೆಬ್ಬೆರಳ ಬುಡದಲ್ಲಿ ಎಂಟಾಣೆ ಅಗಲದ ಗುಂಡಿ. ಸುತ್ತಲಿನ ಗಟ್ಟಿ ಚರ್ಮ ಕತ್ತರಿಸುವಾಗಲೂ ಮಾವ ಆರಾಮಾಗಿ ಕಾಫಿ ರೇಟಿನ ಬಗ್ಗೆ ಮಾತಾಡುತ್ತಿದ್ದರು. ನೋವೇ ಗೊತ್ತಾಗುತ್ತಿಲ್ಲ, ನನಗೆ ಭಯ ಆದದ್ದೇ ಅದಕ್ಕೆ.

ವೀಣಾ: ಶಶಿ, ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶ ಆಗಬಲ್ಲ ಮೂಲ ಕೋಶ, ಪೂರ್ತಿ ಸುಳ್ಳಲ್ಲ. ಮೂಳೆಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಯಿಂದ ಕೋಶ ತೆಗೆದು ಬೆಳೆಸಿ ಕೊಡುತ್ತಾರೆ. ಅವೇ ಹೋಗಿ ಚರ್ಮ ಆಗುವುದು ಕಡಿಮೆ. ಹೊಸ ರಕ್ತನಾಳ ಬೆಳೆಯುವ ಅಂಶ ಬಿಡುತ್ತವೆ, ಉರಿಯೂತ ಇಳಿಸುತ್ತವೆ. ಮನುಷ್ಯರ ಮೇಲೂ ಪ್ರಯೋಗ ನಡೆದಿದೆ, ಕೆಲವರಿಗೆ ಗುಣ ಕಂಡಿದೆ. ಆದರೆ ಗಿರೀಶಣ್ಣ, ನರ 7 ದಿನದಲ್ಲಿ ಬರುವುದಿಲ್ಲ. ಏಟು ಬಿದ್ದ ನರ ಚೆನ್ನಾಗಿ ಬೆಳೆದರೂ ದಿನಕ್ಕೆ ಸುಮಾರು 1 ಮಿಲಿಮೀಟರ್. ಸಕ್ಕರೆ ಜಾಸ್ತಿ ಇದ್ದರೆ ಇನ್ನೂ ನಿಧಾನ.

ಶಶಿ: ಕಾನೂನು ಏನು ಹೇಳುತ್ತದೆ?

ವೀಣಾ: ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲೇ ಇದೆ. ರಕ್ತದ ಕಾಯಿಲೆಗೆ ಮಾಡುವ ಕಸಿ ಬಿಟ್ಟರೆ ಉಳಿದದ್ದು ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗಕ್ಕೆ ದೇಶದ ಪ್ರಯೋಗಗಳ ದಾಖಲೆಪಟ್ಟಿ ಸಿಟಿಆರ್‌ಐ ನೋಂದಣಿ ಸಂಖ್ಯೆ ಇರುತ್ತದೆ. ಈ ವಿಡಿಯೋದಲ್ಲಿ ಫೋನ್ ನಂಬರ್ ಇದೆ, ರೇಟ್ ಇದೆ, ಆ ಸಂಖ್ಯೆ ಇಲ್ಲ. ದುಡ್ಡು ಹಾಕುವುದಾದರೆ ಗಾಯದ ಮೇಲೆ ಭಾರ ಬೀಳದ ಹಾಗೆ ಪ್ಲಾಸ್ಟರ್ ಹಾಕಿಸೋಣ. ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯಾ ಅಂತ ಡಾಪ್ಲರ್ ಸ್ಕ್ಯಾನ್ ಮಾಡಿಸೋಣ.

ಗಿರೀಶಣ್ಣ: ಈಗ ಎಲ್ಲರೂ ಡಾಕ್ಟರ್. ಚಿಕ್ಕಪ್ಪನ ಕಾಲು ತೆಗೆದ ದಿನ ನೀವೆಲ್ಲ ಎಲ್ಲಿದ್ದಿರಿ? ರಾತ್ರಿಯಿಡೀ ಆಸ್ಪತ್ರೆ ವರಾಂಡದಲ್ಲಿ ಕೂತವನು ನಾನೊಬ್ಬನೇ.

ಪುಷ್ಪಕ್ಕ: ಪುತ್ತರಿ ಸುಗ್ಗಿ ಹಬ್ಬದ ಸಮಯ ಅಲ್ವಾ ಅದು? ಆ ವರ್ಷ ಕದಿರು ತೆಗೆಯಲೇ ಇಲ್ಲ ನಾವು.

ವೀಣಾ: ಗೊತ್ತು ಅಣ್ಣ. ನೀವೊಬ್ಬರೇ ಇದ್ದಿರಿ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಸೋಮವಾರ ಮಡಿಕೇರಿಗೆ ಜೀಪು ತರುತ್ತೀರಾ? ಮಾವ ಬಸ್ ಸ್ಟ್ಯಾಂಡಿನಿಂದ ನಡೆಯಬಾರದು.

ಗಿರೀಶಣ್ಣ: ಎಷ್ಟು ಗಂಟೆಗೆ?

ಶಶಿ: ನಾನೂ ಬರುತ್ತೇನೆ.

ಗಿರೀಶಣ್ಣ: ಜಾಗ ಇಲ್ಲ.

ವೀಣಾ: ಎಂಟಕ್ಕೆ. ಶಶಿ ಹಿಂದೆ ಕೂರಲಿ. ಹಳೇ ಸಕ್ಕರೆ ಪರೀಕ್ಷೆಯ ಚೀಟಿ, ಮಾತ್ರೆ ಎಲ್ಲ ತನ್ನಿ. ಅಲ್ಲಿಯವರೆಗೆ ಮಾವನಿಗೆ ಬೂಟು ಕೊಡಬೇಡಿ.